ಹೇಳದೆ ಉಳಿಸಿಕೊಂಡ ಚಲನ್

ಮೆಸೇಜು ಬಂದಾಗ ನೇತ್ರಾವತಿ ಊಟದ ಡಬ್ಬಿ ಬಿಚ್ಚುತ್ತಿದ್ದಳು. ದಾವಣಗೆರೆ ರಸ್ತೆಯ ಕ್ಯಾಮೆರಾ ಯಾವುದೋ ಕಾರನ್ನು ಹಿಡಿದಿತ್ತು. ಸೀಟ್ ಬೆಲ್ಟ್ ಹಾಕಿಲ್ಲ, ದಂಡ ಕಟ್ಟಿ ಎಂದಿತ್ತು. ಗಾಡಿ ನಂಬರ್ ನೋಡಿದ್ದೇ ಅವಳ ಮುಖ ಅರಳಿತು. ಅದು ನಲ್ಲೂರಿನ ರೇಣುಕಪ್ರಸಾದನ ಕಾರು. ದಂಡದ ನೆಪದಲ್ಲಾದರೂ ಅವನು ಆಫೀಸಿಗೆ ಬಂದೇ ಬರುತ್ತಾನೆ! ಇನ್ನೊಬ್ಬರಿಗೆ ದಂಡ ಬಿತ್ತೆಂದು ಹೀಗೆ ಖುಷಿಪಟ್ಟವರು ಚನ್ನಗಿರಿಯಲ್ಲಿ ಅವಳೊಬ್ಬಳೇ ಇರಬೇಕು.

ಆಮೇಲೆ ಲಿಂಕ್ ಒತ್ತಿ ಫೋಟೊ ನೋಡಿದಳು.

ಸ್ಟೀರಿಂಗ್ ಹಿಂದೆ ರೇಣುಕಪ್ರಸಾದ್, ಪಕ್ಕದಲ್ಲಿ ಹಸಿರು ಚೂಡಿದಾರದ ಹುಡುಗಿ. ಹುಡುಗಿ ಬಾಯ್ತುಂಬ ನಗುತ್ತಿದ್ದಳು. ಅವನು ತಲೆ ತಗ್ಗಿಸಿ ನಾಚಿಕೊಂಡಿದ್ದ. ಆ ನಾಚಿಕೆ ತನ್ನೆದುರು ಮಾತ್ರ ಬರುವಂಥದ್ದು ಎಂದು ನೇತ್ರಾವತಿ ಇಷ್ಟು ದಿನ ನಂಬಿಕೊಂಡಿದ್ದಳು. ಹಸಿವು ಅಲ್ಲಿಗೇ ಸತ್ತುಹೋಯಿತು. ಡಬ್ಬಿ ಮುಚ್ಚಿಟ್ಟಳು.

ಅವನ ದಂಡದ ಮೆಸೇಜು ಇವಳ ಫೋನಿಗೆ ಯಾಕೆ ಬರಬೇಕು ಎಂದು ಕೇಳಬಹುದು. ಷಣ್ಮುಖಪ್ಪನವರ ಇನ್ಶೂರೆನ್ಸ್ ಆಫೀಸಿನಲ್ಲಿ ನಡೆದುಕೊಂಡು ಬಂದ ಪದ್ಧತಿಯೇ ಅದು. ಕಾರಿನ ಆರ್‌ಸಿ ಹೆಸರು ಬದಲಾಯಿಸಲು, ಪಾಲಿಸಿ ಮಾಡಲು ಓಟಿಪಿ ಬೇಕು. ಓಟಿಪಿ ಬರುವ ಹೊತ್ತಿಗೆ ಗಿರಾಕಿ ಯಾವುದೋ ತೋಟದಲ್ಲಿ ನೆಟ್‌ವರ್ಕ್ ಇಲ್ಲದ ಮೂಲೆಯಲ್ಲಿರುತ್ತಾನೆ. ಹಾಗಾಗಿ ನೇತ್ರಾವತಿಯ ನಂಬರನ್ನೇ ಹಾಕಿಬಿಡುವುದು. ತಾಲ್ಲೂಕಿನ ಎಷ್ಟೋ ಗಾಡಿಗಳ ದಂಡ, ವಿಮೆ ಮುಗಿಯುವ ತಾರೀಕು ಎಲ್ಲ ಮೊದಲು ತಿಳಿಯುವುದು ಅವಳಿಗೇ. ಅವಳು ಫೋನ್ ಮಾಡಿ ತಿಳಿಸಬೇಕು, ಅವರು ಬಂದು ಕಟ್ಟಬೇಕು. ಎಲ್ಲರೂ ಅವಳನ್ನೇ ನಂಬಿ ನಿಶ್ಚಿಂತೆಯಿಂದಿದ್ದರು.

ಅವರಲ್ಲಿ ತುಸು ಜಾಸ್ತಿಯೇ ನಿಶ್ಚಿಂತೆಯಿಂದಿದ್ದವನು ರೇಣುಕಪ್ರಸಾದ್. ನಲ್ಲೂರಿನಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ ಅವನದು. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವ ಕೆಲಸ. ವಿಮೆಗಾಗಿ ವರ್ಷಕ್ಕೊಮ್ಮೆ ಬಂದರೆ ಸಾಕಿತ್ತು. ಅವನು ತಿಂಗಳಿಗೊಂದು ಅನುಮಾನ ಹೊತ್ತು ಬರುತ್ತಿದ್ದ. ಒಂದು ಸಲ, ಇಲಿ ವೈರ್ ಕಡಿದರೆ ಇನ್ಶೂರೆನ್ಸ್ ಬರುತ್ತದಾ ಎಂದು ಕೇಳಿದ್ದ.

“ವೈರ್ ಸುತ್ತೋರು ನೀವೇ. ಇಲಿಗೆ ಹೆದರ್ತೀರೇನ್ರಿ?” ಎಂದಿದ್ದಳು ನೇತ್ರಾವತಿ.

“ಇಲಿಗೆ ಹೆದರಲ್ಲ ಮೇಡಂ. ಕೇಳಾಕೆ ಬೇರೆ ಏನೂ ಸಿಗ್ಲಿಲ್ಲ,” ಎಂದು ಕಿವಿಯವರೆಗೂ ಕೆಂಪಾಗಿದ್ದ.

ಆ ಮಾತನ್ನು ನೆನೆದು ನೆನೆದು ಅವಳು ಒಂದು ಇಡೀ ಬೇಸಿಗೆ ಕಳೆದಿದ್ದಳು. ಈಗ ಈ ಫೋಟೊ! ಅವನಿಗೆ ಫೋನ್ ಮಾಡಲಿಲ್ಲ. ಬೇಕಾದರೆ ಆ ಹಸಿರು ಚೂಡಿದಾರದವಳೇ ಹೇಳಲಿ ಎಂದುಕೊಂಡು ಮೆಸೇಜು ಅಳಿಸಿದಳು.

ದಂಡ ಬಿದ್ದರೆ ವಿಮೆಯ ಕಂತು ಏರುತ್ತದಾ ಎಂದು ಗಿರಾಕಿಗಳು ಕೇಳುವುದುಂಟು. ದಂಡವೇ ಬೇರೆ, ಪಾಲಿಸಿಯೇ ಬೇರೆ, ಸದ್ಯಕ್ಕೆ ಒಂದಕ್ಕೊಂದು ಗಂಟು ಹಾಕಬೇಡಿ ಎಂದು ಅವಳು ನಗುತ್ತ ಸಮಾಧಾನ ಹೇಳುತ್ತಿದ್ದಳು. ರೇಣುಕಪ್ರಸಾದನ ವಿಷಯದಲ್ಲಿ ಆ ಗಂಟನ್ನು ಅವಳೇ ಹಾಕಿದಳು. ಮರುವಾರವೇ ಅವನ ಪಾಲಿಸಿ ಮುಗಿಯುತ್ತಿದೆ ಎಂಬ ಮೆಸೇಜು ಬಂತು. ಫೋನ್ ಕೈಗೆತ್ತಿಕೊಂಡಳು, ಫೋಟೊ ಕಣ್ಣಮುಂದೆ ಬಂತು, ಕೆಳಗಿಟ್ಟಳು. ನಾಳೆ ಮಾಡಿದರಾಯಿತು ಎಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು. ಆ ಹಟದಲ್ಲೇ ತಾರೀಕು ದಾಟಿಹೋಯಿತು.

ಪಾಲಿಸಿ ಮುಗಿದು ವಾರ ಕಳೆದಿರಲಿಲ್ಲ, ರೇಣುಕಪ್ರಸಾದ್ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಉಬ್ರಾಣಿ ದಾರಿಯಲ್ಲಿ ಮೇಕೆ ಅಡ್ಡ ಬಂದು, ಅದನ್ನು ತಪ್ಪಿಸಲು ಹೋಗಿ ಕಾರನ್ನು ಹುಣಸೆಮರಕ್ಕೆ ಗುದ್ದಿದ್ದ. ಕಾರಿನ ಮುಂಭಾಗ ಅಪ್ಪಚ್ಚಿಯಾಗಿತ್ತು. ಕ್ಲೇಮ್ ಮಾಡಬೇಕಲ್ಲ ಎಂದು ಬಂದಿದ್ದ.

ಷಣ್ಮುಖಪ್ಪ ಕಂಪ್ಯೂಟರ್ ನೋಡಿ ತಲೆಯಾಡಿಸಿದರು. ಪಾಲಿಸಿ ಜೀವಂತವಿಲ್ಲ, ನಯಾಪೈಸೆ ಹುಟ್ಟುವುದಿಲ್ಲ, ಕಾರಿನ ಯಜಮಾನರಿಗೆ ತಾರೀಕಿನ ಎಚ್ಚರ ಬೇಡವೇ ಎಂದು ಅವನಿಗೇ ಬುದ್ಧಿ ಹೇಳಿದರು. ನೇತ್ರಾವತಿ ಮೇಜಿನ ಮೇಲಿದ್ದ ತನ್ನ ಫೋನನ್ನು ಬೋರಲು ಹಾಕಿದಳು.

“ಮೇಡಂ ಪಾಪ ಪ್ರತಿ ವರ್ಷ ಫೋನ್ ಮಾಡೋರು,” ಎಂದ ರೇಣುಕಪ್ರಸಾದ್. “ಈ ಸಲ ಕೆಲಸ ಜಾಸ್ತಿ ಇತ್ತೇನೋ. ನಂದೇ ತಪ್ಪು ಬಿಡ್ರಿ.”

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಅವಳ ತಪ್ಪನ್ನು ತನ್ನದೆಂದು ಹೊತ್ತುಕೊಂಡು, ಹೋಗುವಾಗ ಅವಳತ್ತ ನೋಡಿ ನಗಲೂ ಪ್ರಯತ್ನಿಸಿದ. ಅವಳಿಗೆ ಆ ನಗುವನ್ನು ಎದುರಿಸಲಾಗಲಿಲ್ಲ.

ಶನಿವಾರ ಷಣ್ಮುಖಪ್ಪನವರಿಗೆ ನಿಜ ಹೇಳಿದಳು. ಅವರು ಕೂಗಾಡಿದರು, ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು, ಕೊನೆಗೆ ಸೋಮವಾರ ಬಾ ನೋಡೋಣ ಎಂದರು. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಭಯ ನಲ್ಲೂರಿನಲ್ಲಿ ಕಾದಿತ್ತು. ಹೇಳಿದರೆ ಅವನು ಇನ್ನೆಂದೂ ತನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ತಾನು ಅವನ ಮುಖ ನೋಡಲಾರೆ. ಭಾನುವಾರ ಬೆಳಿಗ್ಗೆ ಬಸ್ ಹತ್ತಿದಳು.

ಅವನು ಅಂಗಡಿಯಲ್ಲಿ ಒಬ್ಬನೇ ಇದ್ದ. ಮುಂದೆ ತಿಪ್ಪೇಶಪ್ಪ ಎಂಬ ಗಿರಾಕಿಯ ಬಿಚ್ಚಿದ ಮೋಟಾರ್. ತಂತಿ ಸುತ್ತುವ ಕೈಯಂತ್ರವನ್ನು ಎಡಗೈಯಲ್ಲಿ ತಿರುಗಿಸಲು ಹೆಣಗುತ್ತಿದ್ದ. ತಂತಿಯನ್ನು ಬಿಗಿ ಹಿಡಿಯಲು ಇನ್ನೊಂದು ಕೈ ಇಲ್ಲದೆ ಅದು ಸಡಿಲಾಗಿ ಗೋಜಲಾಗುತ್ತಿತ್ತು. ಅವಳನ್ನು ಕಂಡು ಗಡಿಬಿಡಿಯಿಂದ ಎದ್ದು ಸ್ಟೂಲ್ ಒರೆಸಿದ.

ನೇತ್ರಾವತಿ ಕೂರಲಿಲ್ಲ. “ಕೆಲಸ ಜಾಸ್ತಿ ಇತ್ತು ಅಂತ ಅಲ್ಲ ರೀ. ಬೇಕಂತಲೇ ಫೋನ್ ಮಾಡ್ಲಿಲ್ಲ,” ಎಂದಳು. ದಂಡ, ಫೋಟೊ, ಅಳಿಸಿದ ಮೆಸೇಜು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಅವನು ಸ್ಟೂಲ್ ಒರೆಸಿದ ಬಟ್ಟೆಯನ್ನು ಕೆಳಗಿಟ್ಟ.

“ಸಿಟ್ಟು ಬಂದಿದ್ದು ಬೆಲ್ಟ್ ಹಾಕಿಲ್ಲ ಅಂತಾ, ಪಕ್ಕದಲ್ಲಿ ಹುಡುಗಿ ಕುಂತಿದ್ಲು ಅಂತಾ?”

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. “ಹುಡುಗಿ ಕುಂತಿದ್ಲು ಅಂತ,” ಎಂದಳು. ಮೂರು ವರ್ಷದಿಂದ ಬಾಯಿಗೆ ಬಾರದ ಮಾತು ತಪ್ಪೊಪ್ಪಿಗೆಯ ಜೊತೆಗೇ ಹೊರಬಿತ್ತು.

ಅವನು ತಲೆ ತಗ್ಗಿಸಿ ಹೇಳಿದ. ಆಕೆ ಹೊನ್ನಾಳಿಯ ಹುಡುಗಿ, ಮನೆಯವರು ಗೊತ್ತುಮಾಡಿದ ಸಂಬಂಧ. ಕಾರಿನಲ್ಲಿ ಹಿಂದೆ ಅವಳಣ್ಣನೂ ಇದ್ದ. ದಾವಣಗೆರೆ ದಾರಿಯಲ್ಲೇ ಧೈರ್ಯ ಮಾಡಿ, ಚನ್ನಗಿರಿಯಲ್ಲಿ ಒಬ್ಬರಿದ್ದಾರೆ, ಮೂರು ವರ್ಷದಿಂದ ಹೇಳಲಾಗದೆ ಒದ್ದಾಡುತ್ತಿದ್ದೇನೆ ಎಂದುಬಿಟ್ಟಿದ್ದ. ಆ ಹುಡುಗಿ ನಕ್ಕದ್ದು ಅದಕ್ಕೇ, ಸಂಬಂಧ ಅಲ್ಲಿಗೇ ಮುಗಿದಿತ್ತು.

ನೇತ್ರಾವತಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಅವಳ ವಿಷಯ ಹೇಳಿಕೊಂಡ ಆ ಗಳಿಗೆಯನ್ನೇ ಅವಳು ಅವನ ಮೇಲೆ ಹಗೆ ಸಾಧಿಸಲು ಬಳಸಿದ್ದಳು.

“ಕಾರು ಹೋಗ್ಲಿ ರೀ,” ಎಂದ ಅವನು. ದನಿ ಗಟ್ಟಿಯಾಗಿತ್ತು. “ಎದುರಿಗೆ ಮೇಕೆ ಬದ್ಲು ಮನುಷ್ಯರು ಬಂದಿದ್ರೆ? ಇನ್ಶೂರೆನ್ಸ್ ಇಲ್ದೆ ಅವ್ರಿಗೆ ನಾನೇನು ಕೊಡ್ತಿದ್ದೆ? ನಂಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈಬೋದಿತ್ತು.”

ಆ ಪ್ರಶ್ನೆ ಅವಳ ನಿದ್ದೆಯನ್ನೂ ಕೆಡಿಸಿತ್ತು. ಅಳು ನುಂಗಿಕೊಂಡಳು, ಅತ್ತು ಅವನಿಂದ ಕ್ಷಮೆ ಕಿತ್ತುಕೊಳ್ಳುವುದು ಬೇಡವಾಗಿತ್ತು. ಅವನು ಮುಖ ತಿರುಗಿಸಿ ಮತ್ತೆ ಎಡಗೈಯಿಂದ ಯಂತ್ರ ಹಿಡಿದ. ತಂತಿ ಮತ್ತೆ ಗೋಜಲಾಯಿತು. ಅವಳು ಕೇಳದೆಯೇ ಸ್ಟೂಲ್ ಎಳೆದು ಕೂತು ತಂತಿಯನ್ನು ಬಿಗಿಯಾಗಿ ಹಿಡಿದಳು. ಅವನು ಬೇಡ ಎನ್ನಲಿಲ್ಲ. ಎಲ್ಲಿ ಬಿಗಿ ಬೇಕು, ಎಲ್ಲಿ ಬಿಡಬೇಕು ಎಂಬಷ್ಟೇ ಮಾತು. ತಂತಿ ಬೆರಳು ಕೊರೆಯುತ್ತಿತ್ತು, ಅವಳು ಕೈ ಬದಲಿಸಲಿಲ್ಲ.

ಬಿಸಿಲು ಅಂಗಡಿಯೊಳಗೆ ಬರುವ ಹೊತ್ತಿಗೆ ಒಂದು ಸುತ್ತು ಕೆಲಸ ಮುಗಿಯಿತು. ಅವನು ಅವಳ ಬೆರಳಿನ ಕೆಂಪು ಗೆರೆ ನೋಡಿದ. ನೋಟ ಅಲ್ಲೇ ನಿಂತಿತು.

“ಸಿಟ್ಟು ಐತೆ ರೀ, ಸುಳ್ಳು ಹೇಳಲ್ಲ. ಯಾವಾಗ ಹೋಗುತ್ತೋ ಗೊತ್ತಿಲ್ಲ,” ಎಂದ ಮೆಲ್ಲಗೆ. “ಆದ್ರೆ ನೀವು ಎದ್ದು ಹೋಗಿಬಿಡ್ತೀರೇನೋ ಅಂತ ಆವಾಗಿಂದ ಬಾಗಿಲ ಕಡೀಗೇ ನೋಡ್ತಿದೀನಿ.”

ನೇತ್ರಾವತಿ ಎದ್ದು ಹೋಗಲಿಲ್ಲ. ಮಾಡಿದ ತಪ್ಪು ಎದೆಯಲ್ಲಿ ಮೊದಲಿನಷ್ಟೇ ಭಾರವಾಗಿತ್ತು. ಅದನ್ನು ಹೊತ್ತುಕೊಂಡೇ ಅವನ ಹತ್ತಿರಕ್ಕೆ ಸ್ಟೂಲ್ ಸರಿಸಿದಳು.