ಎಡೆಗಿಟ್ಟ ಕ್ಯಾಸೆಟ್

ತೊಂಬತ್ತೆಂಟನೇ ಇಸವಿಯಲ್ಲಿ ನನ್ನ ತಮ್ಮ ಗುರುಮೂರ್ತಿ ಜ್ವರದಿಂದ ತೀರಿಕೊಂಡ. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ನೀಲಗಿರಿಯ ನಡುವಟ್ಟಂನ ನಮ್ಮ ಮನೆಯಲ್ಲಿ ಅವನಿಗೆ ಎಡೆ ಇಟ್ಟೆವು.

"ಅವ್ನಿಗಿಷ್ಟದ ಆಟನೂ ಮಡಗು ಶಾಂತಲಾ," ಅಂದಳು ಅವ್ವ.

ವಿಡಿಯೋ ಗೇಮ್ ಎಂದರೆ ಟ್ಯಾಂಕ್ ಆಟ, ಮಿಕ್ಕಿದ್ದೆಲ್ಲ ದಂಡ ಎನ್ನುತ್ತಿದ್ದ ಅವನು. ನನಗೆ ಬೈಕ್ ರೇಸೇ ಮೇಲು. ಆ ಜಗಳ ಮುಗಿದಿರಲಿಲ್ಲ. ಎರಡೂ ಆಟಗಳ ಕ್ಯಾಸೆಟ್ಟುಗಳನ್ನು ಒರೆಸಿ ಎಲೆಯ ಪಕ್ಕ ಇಟ್ಟೆ. ವಾಡಿಕೆಯಂತೆ ಬಾಗಿಲು ಮುಚ್ಚಿ, ಮಧ್ಯಾಹ್ನದ ಮಂಜಿನಲ್ಲಿ ಹೊರಗೆ ನಿಂತೆವು.

ಒಳಗೆ ಯಾರೋ ಉಫ್ ಎಂದು ಊದಿದ ಸದ್ದು. ಆಟಕ್ಕೆ ಕೂರುವ ಮುನ್ನ, ಧೂಳು ಹೋಗಲೆಂದು ಕ್ಯಾಸೆಟ್ಟಿನ ಬಾಯಿಗೆ ಅವನು ಹಾಗೆಯೇ ಊದುತ್ತಿದ್ದ.

"ದೀಪ ಕೆಟ್ಟೋಯ್ತೇನೋ," ಅಂದಳು ಅವ್ವ.

ಬಾಗಿಲು ತೆಗೆದಾಗ ದೀಪ ಉರಿಯುತ್ತಲೇ ಇತ್ತು. ಬೈಕ್ ರೇಸಿನ ಕ್ಯಾಸೆಟ್ಟನ್ನು ಮುಟ್ಟಿದೆ. ತಣ್ಣಗೆ, ನಾನು ಒರೆಸಿಟ್ಟಂತೆಯೇ ಇತ್ತು. ಟ್ಯಾಂಕಿನದರ ಬಾಯಿ ಒದ್ದೆಯಾಗಿತ್ತು. ಇನ್ನೂ ಬೆಚ್ಚಗಿತ್ತು.