‘ತೆಗಿ’ ಅಂದ ಮಾತು

ಜನವರಿಯ ಎರಡನೇ ಶುಕ್ರವಾರ ಬೆಳಿಗ್ಗೆ 8.20ಕ್ಕೆ ಕತಾರಿನ ಅಲ್ ರಯ್ಯಾನ್‌ನ ಪೊಲೀಸ್ ಠಾಣೆಗೆ ದೂರು ಬಂತು. ಕೊಟ್ಟವನು ಕಾರ್ ಗ್ಯಾರೇಜೊಂದರ ಫೋರ್‌ಮನ್, ಕೇರಳದ ನಿಝಾಮ್. ಶಟರ್ ಹಾಕಿದ್ದ ವರ್ಕ್‌ಶಾಪಿನೊಳಗೆ, ಉರಿಯುತ್ತಿದ್ದ ಗ್ಯಾಸ್ ಹೀಟರಿನ ಹತ್ತಿರ, ಪೇಂಟರ್ ಮುರುಗೆಪ್ಪ ಪ್ರಜ್ಞೆ ತಪ್ಪಿ ಬಿದ್ದಿದ್ದ. ಆಂಬುಲೆನ್ಸ್ ಆಗಲೇ ಒಯ್ದಿತ್ತು.

ಕತಾರಿನಲ್ಲಿ ಹೀಟರೇ ಎಂದು ನಗುವವರು ಜನವರಿಯಲ್ಲೊಮ್ಮೆ ಬಂದು ನೋಡಬೇಕು. ಚಳಿಗಾಳಿ ಬೀಸಿತೆಂದರೆ ಕಾರಿಗೆ ಮೆತ್ತಿದ ಪುಟ್ಟಿ ಮಧ್ಯಾಹ್ನವಾದರೂ ಒಣಗುವುದಿಲ್ಲ. ಅದಕ್ಕೇ ಈ ಪ್ರೊಪೇನ್ ಹೀಟರ್. ಅದು ಉರಿಯುವಷ್ಟು ಹೊತ್ತು ಶಟರ್ ಸೊಂಟದೆತ್ತರಕ್ಕಾದರೂ ತೆರೆದಿರಬೇಕು, ಇಲ್ಲದಿದ್ದರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬಿಕೊಳ್ಳುತ್ತದೆ. ನಿಝಾಮ್ ಇದನ್ನು ಹೇಳಿ ಹೇಳಿ ಎಲ್ಲರ ತಲೆ ತಿಂದಿದ್ದ.

ಲೆಫ್ಟಿನೆಂಟ್ ಜಾಬರ್ ದುಭಾಷಿ ಇಸ್ಮಾಯಿಲ್‌ನನ್ನು ಕರೆದುಕೊಂಡು ಹೊರಟ. ಇಸ್ಮಾಯಿಲ್ ಬಂಟ್ವಾಳದ ಬ್ಯಾರಿ. ಠಾಣೆಯಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ. ಸ್ಥಳ ತಪಾಸಣೆ ನಡೆಯಿತು. ಊರಿನಲ್ಲಾದರೆ ಪಂಚನಾಮೆ ಎನ್ನುತ್ತಿದ್ದರು. ಶಟರ್ ಎತ್ತಿಳಿಸುವ ಬಟನ್ ಒಳಗೂ ಇತ್ತು, ಹೊರಗೂ ಇತ್ತು. ಮುರುಗೆಪ್ಪನ ಫೋನಿನಲ್ಲಿ, ಅಂದೇ ಬೆಳಿಗ್ಗೆ ಜೊತೆಗಾರ ನಿಂಗರಾಜನಿಗೆ ಕಳಿಸಿದ ವಾಯ್ಸ್ ಮೆಸೇಜ್ ಸಿಕ್ಕಿತು: “ನಿಂಗ್ಯಾ, ತಲಿ ಒಡ್ಯಾಕತ್ತೈತಿ. ತೆಗಿಯೋ.” ನಿಂಗರಾಜನ ಉತ್ತರ ಒಂದೇ ಪದ: “ತೆಗದೀನಿ.”

ನಿಂಗರಾಜ ಸಿಂದಗಿ ಕಡೆಯವನು. ಅವನು ವಿಮಾನ ಹತ್ತಿದಾಗ ಹೆಂಡತಿ ಸೀಮಾ ಬಸುರಿ. ಮಗಳಿಗೀಗ ವರ್ಷ ದಾಟಿದೆ, ಅವನಿನ್ನೂ ಎತ್ತಿಕೊಂಡಿಲ್ಲ. ಭಾನುವಾರಕ್ಕೆ ಟಿಕೆಟ್ ಆಗಿತ್ತು. ಪೊಲೀಸ್ ಕೇಸಿನಲ್ಲಿ ಹೆಸರು ಬಂತೆಂದರೆ ದೇಶ ಬಿಡುವ ಹಾಗಿಲ್ಲ. ಇದು ಅವನಿಗೂ ಗೊತ್ತಿತ್ತು, ಜಾಬರ್‌ಗೂ ಗೊತ್ತಿತ್ತು.

“ನೀನು ಏನು ತೆಗೆದೆ?” ಗ್ಯಾರೇಜಿನ ಆಫೀಸಿನಲ್ಲಿ ಅವನನ್ನು ಕೂರಿಸಿ ಜಾಬರ್ ಕೇಳಿದ್ದನ್ನು ಇಸ್ಮಾಯಿಲ್ ಕನ್ನಡಕ್ಕೆ ತಂದ.

“ಶಟರ್ ತೆಗದೆ ಸಾಹೇಬ್ರ. ತೆಗದು ರೂಮಿಗೆ ಹೋದೆ.”

“ಮತ್ತೆ ಹಾಕಿದ್ದು ಯಾರು?”

“ಮುರುಗೆಪ್ಪಣ್ಣನ ಹಾಕ್ಕೊಂಡಿರಬೇಕು. ಥಂಡಿ ಇತ್ತು.”

ಆಸ್ಪತ್ರೆಯಲ್ಲಿ ನಳಿಕೆ ಹಾಕಿಸಿಕೊಂಡು ಮಲಗಿದವನ ಮೇಲೆ ತಪ್ಪು ಹೊರಿಸುವುದು ಸುಲಭ. ಜಾಬರ್‌ಗೂ ಅದು ಒಪ್ಪುವಂತೆಯೇ ಇತ್ತು. ಆದರೆ ಇಸ್ಮಾಯಿಲ್‌ಗೆ ಆ ಒಂದು ಪದ ಹಲ್ಲಿನ ಸಂದಿಯಲ್ಲಿ ಸಿಕ್ಕಿದಂತಾಗಿತ್ತು. ಅವನು ಹೊರಗೆ ಹೋಗಿ ನಿಝಾಮ್‌ನನ್ನು ಮಲಯಾಳದಲ್ಲಿ ವಿಚಾರಿಸಿದ.

“ನೀವು ಶಟರ್ ಎತ್ತಿದಾಗ ಒಳಗೆ ಬೆಳಕಿತ್ತಾ?”

“ಇಲ್ಲ. ಹೀಟರಿನ ಕೆಂಪು ಬಿಟ್ಟರೆ ಕತ್ತಲೆ. ಲೈಟ್ ನಾನೇ ಹಾಕಿದೆ.”

“ಸ್ವಿಚ್ ಎಲ್ಲಿದೆ?”

“ಹೊರಗಿನ ಬೋರ್ಡಿನಲ್ಲಿ. ಒಳಗೆ ಇಲ್ಲ.”

ಇಸ್ಮಾಯಿಲ್ ಮರಳಿ ಬಂದು ನಿಂಗರಾಜನ ಎದುರು ಕೂತ. “ಮಾರಾಯಾ, ಕತ್ತಲೆಯಲ್ಲಿ ಪುಟ್ಟಿ ಉಜ್ಜುವವರುಂಟಾ? ಬಾಗಿಲು ತೆಗೆ ಅಂದ್ರೆ ತೆರೆಯುದು. ಲೈಟ್ ತೆಗೆ ಅಂದ್ರೆ ಆರಿಸುದು. ಸರಿ ಹೇಳು, ನೀನು ತೆಗ್ದದ್ದು ಎಂತ?”



“ಲೈಟ್,” ಅಂದ ನಿಂಗರಾಜ. “ದೊಡ್ಡ ಲೈಟಿಗೆ ತಲಿ ನೋಯ್ತೈತಿ ಅಂತ ದಿನಾ ಅಂತಿದ್ದ. ಅದನ್ನ ತೆಗಿ, ಒಂದೀಟು ಅಡ್ಡಾಗ್ತೀನಿ ಅಂದಾನ ಅನ್ಕೊಂಡೆ.”

“ಶಟರ್?”

“ನಾನ ಹಾಕಿದ್ದೆ. ಅಂವಾ ಮಶೀನ್ ಹಿಡದು ಉಜ್ಜಾಕತ್ತಿದ್ದ. ಹೊರಗ ನಾ ಊರಿಗೆ ವೀಡಿಯೊ ಕಾಲ್ ಮಾಡಿದ್ದೆ. ಆ ಸಪ್ಪಳದಾಗ ಮಗಳ ಮಾತು ಕೇಳಸ್ತಿರಲಿಲ್ಲ. ಐದು ನಿಮಿಷ ಅಂತ ಹಾಕಿದೆ. ಮರತೆ.”

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಮುರುಗೆಪ್ಪ ಕಣ್ಣು ಬಿಟ್ಟಿದ್ದ. ಬೆಳಕು ಹೋದ ಮೇಲೆ ತಲೆ ತಿರುಗಿ ಬಟನ್ ಎಲ್ಲಿದೆಯೆಂದೇ ತಿಳಿಯಲಿಲ್ಲ ಎಂದು ಹೇಳಿದನಂತೆ. ನಿಂಗರಾಜ ಮುಖ ಮುಚ್ಚಿಕೊಂಡು ಅತ್ತ. ಅವನಿಗೆ ಜೀವ ಬಂದಂತಾದದ್ದು ನಿಜ, ಹೇಳಿದ ಸುಳ್ಳಿಗೆ ನಾಚಿದ್ದೂ ನಿಜ.

ಮಧ್ಯಾಹ್ನ ಅವನನ್ನು ಬಂಧಿಸಿದರು. ನಿರ್ಲಕ್ಷ್ಯ ಒಂದು, ಸುಳ್ಳು ಹೇಳಿಕೆ ಇನ್ನೊಂದು. ಟಿಕೆಟ್ ಖಲಾಸ್.

“ಆ ಕಾಲ್‌ನಲ್ಲಿ ಮಗು ಏನು ಹೇಳಿತು?” ಎಂದು ಜಾಬರ್ ಕೇಳಿದ. ವರದಿಗೆ ಅದು ಬೇಕಿರಲಿಲ್ಲ.

“‘ಅಪ್ಪಾ’ ಅಂತು ಸಾಹೇಬ್ರ. ನನಗಲ್ಲ, ಮೊಬೈಲಿಗೆ. ನಾ ಕಾಲ್ ಇಟ್ಟ ಮ್ಯಾಲೂ ಅದನ್ನ ಎದಿಗೆ ಅವಚಿಕೊಂಡು ಅಪ್ಪಾ ಅಪ್ಪಾ ಅಂತ ಮನಿತುಂಬ ಓಡ್ಯಾಡ್ತದಂತ. ಅಪ್ಪ ಅಂದ್ರ ಮನಷಾ ಅಂತ ಹೋಗಿ ತೋರಸಬೇಕಂತಿದ್ದೆ.”

ಇಸ್ಮಾಯಿಲ್ ಅದನ್ನು ಅರಬಿಗೆ ತಿರುಗಿಸಿದ. ಜಾಬರ್ ಸಾಕ್ಷ್ಯದ ಚೀಲವನ್ನು ಮೇಜಿನ ಮೇಲಿಟ್ಟ. ನಿಂಗರಾಜ ತನ್ನ ಫೋನನ್ನು ಎರಡೂ ಕೈಯಿಂದ ಎತ್ತಿ ಅದರೊಳಗೆ ಹಾಕಿದ. ಕೇಸು ಮುಗಿಯುವತನಕ ಅದು ಠಾಣೆಯಲ್ಲೇ ಇರಬೇಕಿತ್ತು.