ಚಪ್ಪಾಳೆಗೂ ಮುಂಚೆ

"ಕ್ಯಾಮೆರಾ ಮುಂದ ಇಷ್ಟು ಜೋರ ಚಪ್ಪಾಳಿ ಹೊಡಿಯೋರು ನೀವೇ ಏನ್ರಿ? ನನ್ನ ಕಿವಿ ಹರದು ಹೋದ್ವು!"

ಜೋಗೇಶ್ವರಿ ಸ್ಟೇಷನ್ ಹತ್ತಿರದ ಎಡಿಟಿಂಗ್ ರೂಮಿನ ಬಾಗಿಲಲ್ಲೇ ಮನೀಶ್ ತಬ್ಬಿಬ್ಬಾದ. ಅಲ್ಲಿ ಎಡಿಟ್ ಆಗುತ್ತಿದ್ದ ಕಿರುಚಿತ್ರಕ್ಕೆ ಸೌಂಡ್ ರೆಕಾರ್ಡ್ ಮಾಡುವವನು ಅವನೇ. ಕ್ಲ್ಯಾಪ್ ಬೋರ್ಡಿಗೂ ಗತಿಯಿಲ್ಲದ ಯೂನಿಟ್; ಹಾಗಾಗಿ ಪ್ರತಿ ಶಾಟಿಗೂ ಮೊದಲು ಕೈಯಿಂದಲೇ ಚಪ್ಪಾಳೆ.

"ಕೈ ಸೇರಿದ್ದು ಕಾಣ್ಬೇಕು, ಸದ್ದೂ ಕೇಳ್ಬೇಕು. ಆಗ ಅಲ್ವಾ ಮಾರಾಯ್ರೆ, ನಿಮಗೆ ಚಿತ್ರಕ್ಕೆ ಧ್ವನಿ ಜೋಡಿಸ್ಲಿಕ್ಕೆ ಆಗುವುದು?"

ಎಡಿಟರ್ ದಾನೇಶ್ವರಿಗೆ ನಗು ತಡೆಯಲಾಗಲಿಲ್ಲ. ಮುಖ ನೋಡುವ ಮೊದಲೇ ಆ ಕೈಗಳನ್ನು ಪರದೆಯ ಮೇಲೆ ಎಷ್ಟು ಸಲ ನೋಡಿದ್ದಳೋ! ಅವನ್ನು ಕತ್ತರಿಸಿ ತೆಗೆಯುವುದೇ ಅವಳ ಮೊದಲ ಕೆಲಸ. ಬರಬರುತ್ತ ಕತ್ತರಿಸಲು ಮನಸ್ಸೇ ಬರದಾಯಿತು...

ಸಂಜೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬಂದರೂ ಮಾತು ಮುಗಿಯದೆ ಇಬ್ಬರೂ ಹತ್ತುತ್ತಿರಲಿಲ್ಲ. ಮಾತಾಡುವಾಗ ಮನೀಶ್ ಅವಳನ್ನು ತನ್ನ ಬಲಗಡೆಗೇ ಕರೆದುಕೊಳ್ಳುತ್ತಿದ್ದ. ಅದೂ ಪ್ರೀತಿಯ ಒಂದು ಚಾಳಿ ಎಂದುಕೊಂಡಿದ್ದಳು ಪಾಪ.

ಒಂದು ದಿನ, ನಾಯಕಿ ಅಳುವ ದೃಶ್ಯ ಎಡಿಟಿಂಗಿಗೆ ಬಂತು. ಹೆಡ್‌ಫೋನಿನ ಎಡಗಿವಿಗೆ ಬರುವ ಮೈಕಿನ ತುಂಬ ಫ್ರಿಜ್ಜಿನ ಗುಂಯ್ ಸದ್ದು! ಅಷ್ಟು ಚೆಂದದ ಅಳು ಹಾಳಾಗಿತ್ತು.

"ಹೆಡ್‌ಫೋನ್ ಹಾಕ್ಕೊಂಡು ಏನ್ ಮಾಡ್ತಿದ್ರಿ? ಕಿವುಡರೇನು ನೀವು?" ನಿರ್ದೇಶಕಿ ಮಾಧುರಿಯ ಎದುರೇ ದಾನೇಶ್ವರಿ ಅವನ ಮೇಲೆ ಕೂಗಿಬಿಟ್ಟಳು.

ಮನೀಶ್ ಮೈಕುಗಳನ್ನು ಚೀಲಕ್ಕೆ ತುಂಬಿ ಹೊರಟುಹೋದ. ಆಮೇಲೆ ಫೋನೂ ಬಂದ್.

'ಒಂದು ಮಾತಿಗೆ ಇಷ್ಟು ಸೊಕ್ಕಾ? ಇಷ್ಟೇ ಏನು ಇವನ ಪ್ರೀತಿ?' ಬೈದುಕೊಂಡಳು, ಅತ್ತಳು.

ಹಾಳಾದ ದೃಶ್ಯಕ್ಕೆ ಬೇರೆ ತುಣುಕು ಹುಡುಕುತ್ತ, ಎಂದೂ ನೋಡದೆ ಕತ್ತರಿಸುತ್ತಿದ್ದ ಚಪ್ಪಾಳೆಗೂ ಮುಂಚಿನ ಭಾಗವನ್ನು ತೆರೆದಳು.

ಹೆಡ್‌ಫೋನ್ ಮನೀಶನ ಕೊರಳಲ್ಲಿದೆ. ಎಡಗಡೆ ನಿಂತ ಮಾಧುರಿ ಕರೆಯುತ್ತಿದ್ದಾಳೆ. "ಮನೀಶ್... ಮನೀಶ್!" ಅವನು ತಿರುಗಲೇ ಇಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದು, ಪೆಚ್ಚಾಗಿ ನಕ್ಕು, ಚಪ್ಪಾಳೆ ತಟ್ಟಿದ.

ದಾನೇಶ್ವರಿ ಅದನ್ನೇ ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಸ್ಟೇಷನ್ನಿನಲ್ಲೂ ಯಾವಾಗಲೂ ಬಲಗಡೆ... 'ಅಯ್ಯೋ, ನಾ ಏನ್ ಅಂದುಬಿಟ್ಟೆ!'

ಅವಳು ಹುಡುಕಿಕೊಂಡು ಹೋದಾಗ, ಮುಲುಂಡ್‌ನಲ್ಲಿ ತನ್ನ ಅಪ್ಪ ನಡೆಸುವ ಹೋಟೆಲಿನ ಗಲ್ಲಾದ ಮೇಲೆ ಮನೀಶ್ ಕೂತಿದ್ದ.

"ನನಗಾದ್ರೂ ಹೇಳಬಾರದಿತ್ತಾ?"

"ಕಿವುಡನಿಗೆ ಸೌಂಡಿನ ಕೆಲಸ ಯಾರು ಕೊಡ್ತಾರೆ? ಎಡದ್ದು ಹೋಯ್ತು. ಬಲದ್ದೂ ಮೆಲ್ಲ ಹೋಗ್ತದಂತೆ." ಅವನು ತಲೆ ಎತ್ತಲಿಲ್ಲ. "ನನ್ನಿಂದ ನಿನಗೆ ಎಂತ ಸುಖ? ಹೋಗು ಮಾರಾಯ್ತಿ."

ಅವಳು ಹೋಗಲಿಲ್ಲ. ಎದುರು ನಿಂತು, ಅವನ ಕಣ್ಣ ಮುಂದೆ ಮೆಲ್ಲಗೆ ಒಂದು ಚಪ್ಪಾಳೆ ತಟ್ಟಿದಳು.

"ಕಾಣಿಸ್ತೇನು?"

"ಕಾಣಿಸ್ತು."

"ಕೇಳೋದು ನಿಂತ ದಿನ ನನ್ನ ಮುಖ ನೋಡು. ಅಲ್ಲಿ ಎಲ್ಲಾ ಕಾಣ್ತದ."

ಕಣ್ಣೊರೆಸಿಕೊಂಡು ಅವನ ಬಲಗಡೆಗೆ ಬಂದು ಬಾಗಿದಳು.

"ತಪ್ಪಾಯ್ತು ಮನೀಶ್. ನನಗ ನೀ ಬೇಕು. ನಿನ್ನ ಕಿವಿ ಅಲ್ಲ, ನೀ... ಕೇಳಿಸ್ತೇನು?"

ಅವನು ಬಲಗಿವಿಯನ್ನು ಅವಳತ್ತ ಇನ್ನಷ್ಟು ವಾಲಿಸಿದ.

"ಕೇಳಿಸ್ತು... ಒನ್ ಮೋರ್, ದಾನೇಶ್ವರಿ. ಕೇಳಿಸುವಾಗಲೇ ಇನ್ನೊಮ್ಮೆ ಹೇಳು."